ತಾಯಿಯ ರೊಟ್ಟಿ ಘಟಕ, ಮಗಳ ಪಿಎಚ್‌ಡಿ

ಪ್ರಶ್ನೆ: ನನಗೆ 31 ವರ್ಷ. ಎಂಬಿಎಯಲ್ಲಿ ಶೇ 61 ಅಂಕ ಬಂದಿವೆ. ಊರು ಗದಗ-ಬೆಟಗೇರಿ. ಮೂರು ವರ್ಷಗಳಿಂದ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ದಿನವೂ ರೈಲಿನಲ್ಲಿ ಓಡಾಟ. ನಾಲ್ಕು ವರ್ಷದ ಮಗನಿದ್ದಾನೆ. ನನ್ನ ತಾಯಿ ಹನ್ನೆರಡು ವರ್ಷಗಳಿಂದ ಜೋಳದ ರೊಟ್ಟಿ ಘಟಕ ನಡೆಸುತ್ತಿದ್ದಾರೆ. ಒಂಬತ್ತು ಜನ ಹೆಂಗಸರು ಕೆಲಸಕ್ಕಿದ್ದಾರೆ. ಹುಬ್ಬಳ್ಳಿಯ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ರೊಟ್ಟಿ ಹೋಗುತ್ತದೆ. ಆದರೆ ಹನ್ನೆರಡು ವರ್ಷವಾದರೂ ಘಟಕ ಅಷ್ಟಕ್ಕೇ ನಿಂತಿದೆ. ನನಗೆ ಉದ್ಯಮಶೀಲತೆಯಲ್ಲಿ ಪಿಎಚ್‌ಡಿ ಮಾಡಬೇಕೆಂಬ ಆಸೆ. ಅದರಿಂದ ಘಟಕ ಬೆಳೆಸಲು ಸಹಾಯವಾದೀತೇ? ಕಾಯಂ ನೌಕರಿ ಸಿಕ್ಕೀತೇ? ತಾಯಿಯ ಘಟಕವನ್ನೇ ವಿಷಯವಾಗಿ ತೆಗೆದುಕೊಳ್ಳಬಹುದೇ? ಪರಿಚಯದವರೊಬ್ಬರು, ಹೊರರಾಜ್ಯದ ವಿಶ್ವವಿದ್ಯಾಲಯದಿಂದ ಹದಿನೆಂಟು ತಿಂಗಳಲ್ಲಿ ಪದವಿ ಕೊಡಿಸುತ್ತೇವೆ, ಮೂರೂವರೆ ಲಕ್ಷ ಕೊಟ್ಟರೆ ಸಾಕು, ಎರಡು ಸಲ ಹೋಗಿಬಂದರಾಯಿತು ಎನ್ನುತ್ತಿದ್ದಾರೆ. ತಾಯಿ ಮಾತ್ರ, “ರೊಟ್ಟಿ ಬಡಿಯುವುದನ್ನು ಓದಿ ಏನು ತಿಳಿದುಕೊಳ್ಳುತ್ತೀ?” ಎಂದು ಕೇಳುತ್ತಾರೆ. ದಾರಿ ತೋರಿಸಿ.

– ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ವರ್ಷ ವರ್ಷವೂ ತೂಗುಗತ್ತಿಯ ಕೆಳಗಿನ ನೌಕರಿ. ಇನ್ನೊಂದು, ಇಷ್ಟು ದುಡಿಯುವ ತಾಯಿಯ ಘಟಕ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ. ಮೊದಲನೆಯ ಚಿಂತೆಗೆ ಪಿಎಚ್‌ಡಿ ನೇರವಾದ ಮದ್ದಲ್ಲ. ಎರಡನೆಯದು ನಿಜಕ್ಕೂ ಪಿಎಚ್‌ಡಿಗೆ ತಕ್ಕ ಪ್ರಶ್ನೆ. ಈ ಎರಡನ್ನೂ ಬಿಡಿಸಿ ಇಡದೆ ಪ್ರವೇಶ ಅರ್ಜಿ ತುಂಬಬೇಡಿ. ನಾನು ಧಾರವಾಡದಲ್ಲಿ ಮ್ಯಾನೇಜ್‌ಮೆಂಟ್ ವಿಷಯ ಕಲಿಸುತ್ತ, ಸಂಶೋಧಕರಿಗೆ ಮಾರ್ಗದರ್ಶನ ಮಾಡುತ್ತ ಬಂದವನು. ನಡುದಾರಿಯಲ್ಲಿ ಬಿಟ್ಟುಹೋದವರಲ್ಲಿ ಹೆಚ್ಚಿನವರು ಈ ಗಂಟನ್ನು ಬಿಡಿಸಿಕೊಳ್ಳದೆ ಒಳಗೆ ಬಂದವರೇ.

ಹೊರರಾಜ್ಯದ ಆ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದರಲ್ಲಿ ನಿಮ್ಮ ಹಣವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಪಿಎಚ್‌ಡಿಯ ಕನಿಷ್ಠ ಅವಧಿ ಕೋರ್ಸ್‌ವರ್ಕ್ (ಆರಂಭದ ತರಗತಿ ಪಾಠಗಳು) ಸೇರಿ ಮೂರು ವರ್ಷ. ಹದಿನೆಂಟು ತಿಂಗಳು ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ದೂರಶಿಕ್ಷಣದ ಪಿಎಚ್‌ಡಿಗೂ ಆನ್‌ಲೈನ್ ಪಿಎಚ್‌ಡಿಗೂ ಮಾನ್ಯತೆ ಇಲ್ಲ. 12ರಿಂದ 16 ಕ್ರೆಡಿಟ್‌ನ ಕೋರ್ಸ್‌ವರ್ಕ್ ಮಾಡಬೇಕು. ಪ್ರತಿ ಸೆಮಿಸ್ಟರ್‌ನಲ್ಲಿ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಕೆಲಸ ಎಲ್ಲಿಗೆ ಬಂತು ಎಂದು ಹೇಳಬೇಕು. ಎರಡು ಸಲ ಹೋಗಿಬಂದರೆ ಇದಾವುದೂ ಆಗುವುದಿಲ್ಲ. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಈ ನಿಯಮಗಳನ್ನು ಪಾಲಿಸಿಲ್ಲವೆಂದು ಯುಜಿಸಿ ಅವುಗಳಿಗೆ ಐದು ವರ್ಷ ಪಿಎಚ್‌ಡಿ ಪ್ರವೇಶವನ್ನೇ ನಿಷೇಧಿಸಿತು. ಅಂಥ ಕಡೆ ದುಡ್ಡು ಕೊಟ್ಟವರ ಮುಂದಿನ ಗತಿ ಏನು ಎಂದು ಯೋಚಿಸಿ. ನಾಳೆ ನೇಮಕಾತಿಯ ಕಾಗದಪತ್ರ ಪರಿಶೀಲನೆಯಲ್ಲಿ ತಲೆ ತಗ್ಗಿಸಿ ನಿಲ್ಲುವವರು ದಲ್ಲಾಳಿಗಳಲ್ಲ, ನೀವು.

ಈ ಮಾತು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಇಂಥ ಒಂದು ‘ಪದವಿ’ಗಾಗಿ ಬಂಗಾರ ಒತ್ತೆಯಿಟ್ಟ ಉಪನ್ಯಾಸಕಿಯೊಬ್ಬರು ನನ್ನ ಕೊಠಡಿಯಲ್ಲಿ ಕುಳಿತು ಅತ್ತದ್ದನ್ನು ಕಂಡಿದ್ದೇನೆ. ಆಕೆಯ ಹೆಸರಿನಲ್ಲಿದ್ದ ಪ್ರಬಂಧವನ್ನು ಆಕೆಯೇ ಪೂರ್ತಿ ಓದಿರಲಿಲ್ಲ. ನಿಮ್ಮ ಮೂರೂವರೆ ಲಕ್ಷ ನಿಮ್ಮ ಬಳಿಯೇ ಇರಲಿ.

ಇನ್ನು, ಪಿಎಚ್‌ಡಿ ಮಾಡಿದರೆ ಉದ್ಯಮ ನಡೆಸುವುದು ಬರುತ್ತದೆ ಎಂಬ ನಂಬಿಕೆ. ಇದು ಬಹಳ ಜನರಲ್ಲಿದೆ, ಆದರೆ ನಿಜವಲ್ಲ. ಉದ್ಯಮಿ ಎಂದರೆ ಹೊಸದನ್ನು ತಂದು ಹಳೆಯದನ್ನು ಪಲ್ಲಟಗೊಳಿಸುವವನು ಎಂಬ ಸಿದ್ಧಾಂತ ಕೊಟ್ಟ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಅವರನ್ನು ಇಂದಿಗೂ ಈ ವಿಷಯದ ಮೊದಲ ಪಾಠದಲ್ಲೇ ಓದಿಸುತ್ತೇವೆ. ಅವರು 1921ರಲ್ಲಿ ವಿಯೆನ್ನಾದ ಬ್ಯಾಂಕೊಂದರ ಅಧ್ಯಕ್ಷರಾದರು; 1924ರಲ್ಲಿ ಆ ಬ್ಯಾಂಕ್ ಕುಸಿಯಿತು, ಅವರ ಮೈಮೇಲೆ ಸಾಲ ಉಳಿಯಿತು. ಸಿದ್ಧಾಂತ ಗೊತ್ತಿಲ್ಲದೆ ಹಾಗಾಗಲಿಲ್ಲ. ನಡೆಸುವುದು ಒಂದು ವಿದ್ಯೆ, ನಡೆಯುವುದನ್ನು ಅರಿಯುವುದು ಇನ್ನೊಂದು ವಿದ್ಯೆ.

ನಮ್ಮ ಕಡೆಯ ಉದಾಹರಣೆಯನ್ನೂ ನನ್ನ ಮುಂದೆ ಹಿಡಿಯುತ್ತಾರೆ: “ಉದ್ಯಮಿ ಗುರುರಾಜ ದೇಶಪಾಂಡೆ ಅವರು ಪಿಎಚ್‌ಡಿ ಮಾಡಿದವರಲ್ಲವೇ?” ಹೌದು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿದರು. ಆದರೆ ಅದು ದತ್ತಾಂಶ ಸಂವಹನದ ತಂತ್ರಜ್ಞಾನದಲ್ಲಿ ಪಡೆದ ಪದವಿ, ಉದ್ಯಮಶೀಲತೆಯಲ್ಲಿ ಅಲ್ಲ. ಆ ತಂತ್ರಜ್ಞಾನವೇ ಅವರ ಕಂಪನಿಗಳ ಬಂಡವಾಳವಾಯಿತು. ಅತ್ತ ವಿಜಯ ಸಂಕೇಶ್ವರ ಅವರು 1976ರಲ್ಲಿ ನಿಮ್ಮ ಗದಗದಲ್ಲೇ ಒಂದು ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದಾಗ ಅವರ ಹಿಂದೆ ಇದ್ದದ್ದು ಮನೆತನದ ಮುದ್ರಣ, ಪ್ರಕಾಶನದ ಅನುಭವ, ಸಂಶೋಧನಾ ಪದವಿಯಲ್ಲ. ಹೀಗಾಗಿ ಘಟಕ ಬೆಳೆಸುವುದೇ ನಿಮ್ಮ ಮೊದಲ ಗುರಿಯಾಗಿದ್ದರೆ, ಮೂರರಿಂದ ಆರು ವರ್ಷದ ಪಿಎಚ್‌ಡಿ ಅತ್ಯಂತ ಸುತ್ತುಬಳಸಿನ ದಾರಿ. ಹತ್ತಿರದ ದಾರಿಗಳಿವೆ, ಅವನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ಈ ಸಂಶೋಧನೆ ಏನು ಕಲಿಸುತ್ತದೆ? ಒಂದು ಹಳೆಯ ಪ್ರಯೋಗದಿಂದ ಹೇಳಿದರೆ ಸುಲಭ. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಅವರು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಜೊತೆಗೂಡಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಶುರುಮಾಡಿದರು. ಸಾಧಿಸಬೇಕೆಂಬ ಹಂಬಲವನ್ನು ಕಲಿಸಿ ಹೆಚ್ಚಿಸಬಹುದೇ ಎಂಬುದು ಅವರ ಪ್ರಶ್ನೆ. ತರಬೇತಿಯನ್ನು ಯಾರಾದರೂ ಕೊಡಬಹುದಿತ್ತು. ಅದು ಸಂಶೋಧನೆಯಾದದ್ದು ಆಮೇಲಿನ ಕೆಲಸದಿಂದ: ತರಬೇತಿ ಪಡೆದವರು ಮುಂದೆ ಏನು ಮಾಡಿದರು ಎಂದು ಮತ್ತೆ ಹೋಗಿ ನೋಡಿದರು, ತರಬೇತಿ ಪಡೆಯದವರ ಜೊತೆ ಹೋಲಿಸಿದರು. ತರಬೇತಿ ಪಡೆದವರು ಹೆಚ್ಚು ಚಟುವಟಿಕೆಯಿಂದ ವ್ಯವಹಾರ ವಿಸ್ತರಿಸಿದ್ದು ಆ ಹೋಲಿಕೆಯಿಂದಲೇ ಗೊತ್ತಾಯಿತು. ಹೋಲಿಕೆಗೆ ಜನ ಇಲ್ಲದಿದ್ದರೆ, ಕಾಲವೇ ಹಾಗಿತ್ತು, ಎಲ್ಲರೂ ಬೆಳೆದರು ಎಂದು ಬಿಡಬಹುದಿತ್ತು. ನಂಬಿಕೆಯನ್ನು ಹೀಗೆ ಒರೆಗೆ ಹಚ್ಚುವುದನ್ನು ಪಿಎಚ್‌ಡಿ ಕಲಿಸುತ್ತದೆ. ನಮ್ಮ ನಾಡಿನ ಉದ್ಯಮಶೀಲತಾ ತರಬೇತಿಗಳಲ್ಲಿ ಇಂದಿಗೂ ಕಾಣುವ ಪ್ರೇರಣಾ ಪಾಠಗಳ ಮೂಲ ಇದೇ ಬಗೆಯ ಕೆಲಸದಲ್ಲಿದೆ.

ಈಗ ನಾನೇ ಕಂಡ ಒಂದು ಸಂಗತಿ. ಹಳೇ ಹುಬ್ಬಳ್ಳಿಯ ಒಂದು ರೊಟ್ಟಿ ಘಟಕಕ್ಕೆ ನನ್ನ ವಿದ್ಯಾರ್ಥಿಯೊಬ್ಬ ಪ್ರಶ್ನಾವಳಿ ಹಿಡಿದು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ತಗಡಿನ ಮಾಡು, ಸಾಲಾಗಿ ನಾಲ್ಕು ಒಲೆ, ಮೂಲೆಯಲ್ಲಿ ಬಟ್ಟೆಯ ಮೇಲೆ ಹರವಿದ ಖಡಕ್ ರೊಟ್ಟಿ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಒಡತಿಯ ಮುಂದೆ ಅವನು ಓದಿದ: “ನಾನು ಅಪಾಯ ಎದುರಿಸಲು ಹಿಂಜರಿಯುವುದಿಲ್ಲ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಯಾವುದು?” ಆಕೆ ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತ, “ನಿಮಗೆ ಯಾವುದು ಒಳ್ಳೆಯದೋ ಅದನ್ನು ಬರೆದುಕೊಳ್ಳಿ” ಎಂದಳು. ಅವನು ನಲವತ್ತೆರಡು ಪ್ರಶ್ನೆ ಮುಗಿಸಿದ. ಲೆಕ್ಕ ಹಾಕಿದರೆ, ಅಪಾಯ ಎದುರಿಸುವ ಗುಣ ಮಧ್ಯಮ ಎಂದು ಬಂದಿರುತ್ತಿತ್ತು.

ಕೆಲಸ ಇಳಿದ ಮೇಲೆ ಚಹಾ ಕುಡಿಯುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ತಾರೀಖಿನ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಗುರುತು. ಕೇಳಿದಾಗ ಆಕೆ ಒಂದೊಂದಾಗಿ ಬಿಡಿಸಿ ಹೇಳಿದಳು. ಗೆರೆ ಎಂದರೆ ಉದ್ರಿ ತಂದ ಜೋಳದ ಚೀಲ. ಸೊನ್ನೆ ಎಂದರೆ ಭಿಶಿಯ, ಅಂದರೆ ಚೀಟಿ ಗುಂಪಿನ, ಕಂತು. ಅಡ್ಡಗೆರೆ ಎಂದರೆ ಬೇಡವೆಂದು ತಿರುಗಿಸಿ ಕಳಿಸಿದ ಆರ್ಡರ್. ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗಾರಿ ಬಿಳಿಜೋಳ ಮಾರುಕಟ್ಟೆಗೆ ಬಂದು ದರ ಇಳಿದಿರುವಾಗ ಆಕೆಯ ಕೈಯಲ್ಲಿ ಹಣವಿರುತ್ತಿರಲಿಲ್ಲ. ಭಿಶಿ ಕೈಗೆ ಬರುತ್ತಿದ್ದದ್ದು ಶ್ರಾವಣದಲ್ಲಿ. ಅಷ್ಟರಲ್ಲಿ ಜೋಳ ತುಟ್ಟಿ. ಮದುವೆಯ ದಿನಗಳಲ್ಲಿ ದೊಡ್ಡ ಆರ್ಡರ್ ಬಂದರೂ ಚೀಲಗಟ್ಟಲೆ ಜೋಳ ಉದ್ರಿ ಕೊಡಲು ಅಂಗಡಿಯವರು ಒಪ್ಪುತ್ತಿರಲಿಲ್ಲ. ಏಪ್ರಿಲ್, ಮೇ ತಿಂಗಳ ಹಾಳೆಗಳಲ್ಲಿ ಅಡ್ಡಗೆರೆಗಳು ಒತ್ತೊತ್ತಾಗಿದ್ದವು.

ಆಕೆಯಲ್ಲಿ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಹಣ ಬರುವ ತಿಂಗಳೂ ಜೋಳ ಅಗ್ಗವಾಗುವ ತಿಂಗಳೂ ಕೂಡುತ್ತಿರಲಿಲ್ಲ. ಪ್ರಶ್ನಾವಳಿ ಆಕೆಯ ಸ್ವಭಾವವನ್ನು ಅಳೆಯಲು ಹೋಗಿತ್ತು. ಉತ್ತರ ಗೋಡೆಯ ಮೇಲೆ ತೂಗುತ್ತಿತ್ತು. ನನ್ನ ವಿದ್ಯಾರ್ಥಿ ಮರುದಿನದಿಂದ ಕ್ಯಾಲೆಂಡರ್‌ಗಳನ್ನೂ ಉದ್ರಿ ವಹಿಗಳನ್ನೂ ಹುಡುಕುತ್ತ ಹೊರಟ. ಅವನ ಪ್ರಬಂಧದ ಜೀವಾಳವೇ ಅದಾಯಿತು.

ನಿಮ್ಮ ತಾಯಿ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ರೊಟ್ಟಿ ಬಡಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅವರಂತೆಯೇ ದುಡಿಯುವ ಅರವತ್ತು ಮನೆಗಳಲ್ಲಿ ಯಾವ ಗಂಟು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಒಂದೇ ಒಲೆಯ ಮುಂದೆ ಕುಳಿತವರಿಗೆ ಕಾಣುವುದಿಲ್ಲ. ಅದು ಕಂಡರೆ ಬ್ಯಾಂಕು, ಸಂಘ, ಸರ್ಕಾರ ಏನು ಮಾಡಬೇಕೆಂದು ಖಚಿತವಾಗಿ ಹೇಳಬಹುದು. ಸಹಾಯಧನದ ಬದಲು ಸುಗ್ಗಿಯ ಎರಡು ತಿಂಗಳಿಗೆ ಸಾಲ ಸಾಕು ಎಂದು ಅಂಕಿ ಸಮೇತ ತೋರಿಸಿದರೆ ಅದು ಸಣ್ಣ ಕೆಲಸವಲ್ಲ. 1905ರಲ್ಲಿ ನಿಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರಲ್ಲ, ಅವರ ಮುಂದಿದ್ದದ್ದೂ ಇಂಥದೇ ಪ್ರಶ್ನೆ: ಬೇಕಾದ ಹೊತ್ತಿಗೆ, ಬೇಕಾದಷ್ಟು ಹಣ ರೈತನ ಕೈಗೆ ಬರುವುದು ಹೇಗೆ?

ಓದಿನ ದೃಷ್ಟಿಯಿಂದಲೂ ನಿಮ್ಮ ಪ್ರಶ್ನೆಗೆ ಗಟ್ಟಿ ನೆಲೆಯಿದೆ. ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ ಅವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ 27 ಪಳಗಿದ ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ವ್ಯವಹಾರದ ಸಮಸ್ಯೆ ಇಟ್ಟು, ಯೋಚಿಸುತ್ತಿರುವುದನ್ನೆಲ್ಲ ಗಟ್ಟಿಯಾಗಿ ಹೇಳಿ ಎಂದು ಕೇಳಿ ದಾಖಲಿಸಿಕೊಂಡರು. ಪಠ್ಯಪುಸ್ತಕದಂತೆ ಗುರಿ ಇಟ್ಟು ಲಾಭ ಲೆಕ್ಕ ಹಾಕಿ ಹೊರಡುವವರು ಅವರಲ್ಲಿ ಕಡಿಮೆ. ಕೈಯಲ್ಲಿ ಏನಿದೆ, ಯಾರ ಪರಿಚಯವಿದೆ, ಎಷ್ಟು ಕಳೆದುಕೊಂಡರೂ ತಾಳಿಕೊಳ್ಳಬಲ್ಲೆ ಎಂಬಲ್ಲಿಂದ ಅವರು ಶುರುಮಾಡುತ್ತಿದ್ದರು. 2001ರಲ್ಲಿ ಸರಸ್ವತಿ ಅವರು ಇದನ್ನು ಸಿದ್ಧಾಂತವಾಗಿ ಮಂಡಿಸಿದರು. “ಇಷ್ಟು ಹೋದರೂ ಮನೆ ನಡೆಯುತ್ತದೆ” ಎಂದು ನಿಮ್ಮ ತಾಯಿ ಎಂದಾದರೂ ಹೇಳಿರುತ್ತಾರೆ. ಅದು ಅದೇ ಲೆಕ್ಕ. ಆದರೆ ಆ 27 ಜನ ದೊಡ್ಡ ಕಂಪನಿ ಕಟ್ಟಿದವರು. ಮನೆಯ ಅಕ್ಕಿಬೇಳೆಯೂ ಘಟಕದ ಬಂಡವಾಳವೂ ಒಂದೇ ಡಬ್ಬಿಯಲ್ಲಿರುವ ಹೆಣ್ಣುಮಗಳಿಗೆ ತಾಳಿಕೊಳ್ಳಬಲ್ಲ ನಷ್ಟ ಎಂದರೆ ಏನು? ಇಲ್ಲಿ ನೀವು ಹೊಸದಾಗಿ ಹೇಳಬಹುದಾದದ್ದು ಇದೆ.

ಇನ್ನು ನಿಮ್ಮ ತಾಯಿಯ ಘಟಕವನ್ನೇ ವಿಷಯವಾಗಿ ತೆಗೆದುಕೊಳ್ಳುವ ಮಾತು. ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ತಾಯಿಯ ಬಗ್ಗೆ ಮಗಳು ಬರೆದ ಪ್ರಬಂಧವನ್ನು ಪರೀಕ್ಷಕರು ಮೊದಲ ಪುಟದಿಂದಲೇ ಅನುಮಾನದಿಂದ ಓದುತ್ತಾರೆ, ಅದರಲ್ಲಿ ತಪ್ಪಿಲ್ಲ. ಅದಕ್ಕಿಂತ ನಾಜೂಕಾದ ತೊಡಕು ಬೇರೆ ಇದೆ: ನೀವು ಇತರ ಘಟಕಗಳಿಗೆ ಹೋದಾಗ ಅವರ ಪಾಲಿಗೆ ನೀವು ಸಂಶೋಧಕಿಯಲ್ಲ, ಎದುರಾಳಿಯ ಮಗಳು. ಯಾವ ಖಾನಾವಳಿಗೆ ಯಾವ ದರ ಎಂಬುದನ್ನು ಅವರೇಕೆ ಹೇಳಬೇಕು? ಹೇಳಿದರೂ ಆ ಮಾಹಿತಿ ನಿಮ್ಮ ಅಡುಗೆಮನೆಗೆ ಹೋಗುವುದಿಲ್ಲ ಎಂಬ ಭರವಸೆಯನ್ನು ಬರವಣಿಗೆಯಲ್ಲಿ ಕೊಟ್ಟು ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಾಗುತ್ತದೆ. ನನ್ನ ಸಲಹೆ: ತಾಯಿಯ ಘಟಕವನ್ನು ಪ್ರಶ್ನೆಗಳನ್ನು ತಿದ್ದಿ ಹದಗೊಳಿಸಲು ಮಾತ್ರ ಬಳಸಿ. ಮುಖ್ಯ ಅಧ್ಯಯನವನ್ನು ಅವರು ಮಾರಾಟ ಮಾಡದ ಊರುಗಳಲ್ಲಿ, ಉದಾಹರಣೆಗೆ ಹಾವೇರಿ, ರಾಣೆಬೆನ್ನೂರು ಕಡೆಯಲ್ಲಿ ಇಟ್ಟುಕೊಳ್ಳಿ.

ಮತ್ತೊಂದು ಬಲೆಯ ಬಗ್ಗೆ ಈಗಲೇ ಹೇಳುತ್ತೇನೆ, ಏಕೆಂದರೆ ಕೊನೆಗೆ ಗೊತ್ತಾದರೆ ಎರಡು ವರ್ಷದ ಕೆಲಸ ಹಾಳಾಗುತ್ತದೆ. ಸಣ್ಣ ಉದ್ಯಮಗಳ ಸರ್ಕಾರಿ ದಾಖಲಾತಿಯಾದ ಉದ್ಯಮ್ ನೋಂದಣಿಯ ಪಟ್ಟಿ ಹಿಡಿದು ಹೊರಟರೆ ಸಿಗುವವರೆಲ್ಲ ಉಳಿದುಕೊಂಡವರೇ. ಉಳಿದವರನ್ನಷ್ಟೇ ಕೇಳಿ ಉಳಿವಿನ ಗುಟ್ಟು ಹೇಳಿದರೆ ಅದು ಅರ್ಧ ಕಥೆ. ಮುಚ್ಚಿದವರೂ ಅಷ್ಟೇ ಶ್ರಮಪಟ್ಟಿರಬಹುದು, ಅಷ್ಟೇ ಜಾಣರಿರಬಹುದು. ಮುಚ್ಚಿದ ಘಟಕಗಳ ಪಟ್ಟಿ ಯಾವ ಕಚೇರಿಯಲ್ಲೂ ಇರುವುದಿಲ್ಲ. ಅದಿರುವುದು ಹಿಟ್ಟಿನ ಗಿರಣಿಯವರ ನೆನಪಿನಲ್ಲಿ. “ಮೊದಲು ವಾರಕ್ಕೆ ಮೂರು ಚೀಲ ಬೀಸಿಸುತ್ತಿದ್ದರು, ಈಗ ಬರುವುದಿಲ್ಲ” ಎಂದು ಅವರು ಮನೆಯ ಗುರುತು ಹೇಳುತ್ತಾರೆ. ಗಿರಣಿಯಲ್ಲಿ ಕಳೆದ ಒಂದು ಬೆಳಗ್ಗೆ ನಿಮ್ಮ ಪ್ರಬಂಧಕ್ಕೆ ಹತ್ತು ಜರ್ನಲ್ ಲೇಖನಗಳಷ್ಟು ಬೆಲೆ ತರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಪ್ರಬಂಧ ಇಂಗ್ಲಿಷಿನಲ್ಲಿ ಬರೆದರೂ ಟಿಪ್ಪಣಿಗಳನ್ನು ಅವರ ಮಾತಿನಲ್ಲೇ ಇಡಿ. ಉದ್ರಿ, ಕೈಗಡ, ಭಿಶಿ ಮೂರನ್ನೂ ಇಂಗ್ಲಿಷಿನಲ್ಲಿ ಸಾಲ ಎಂಬ ಒಂದೇ ಪದದಡಿ ಹಾಕಿದರೆ ಅಲ್ಲಿಗೆ ವಿಷಯ ಸತ್ತಿತು. ಕೈಗಡಕ್ಕೆ ಬಡ್ಡಿಯಿಲ್ಲ, ಮುಲಾಜಿದೆ. ಉದ್ರಿಗೆ ಬಡ್ಡಿ ಕಾಣುವುದಿಲ್ಲ, ದರದೊಳಗೆ ಅಡಗಿರುತ್ತದೆ. ಈ ವ್ಯತ್ಯಾಸ ತಿಳಿದು ಬೆಳೆದವರು ನೀವು; ಹೊರಗಿನಿಂದ ಬಂದವರಿಗೆ ಇದನ್ನು ತಿಳಿಯಲು ಒಂದು ವರ್ಷ ಬೇಕು.

ನೌಕರಿಯ ಪ್ರಶ್ನೆಗೆ ಬರೋಣ. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಸೆಟ್ ಅಥವಾ ಸ್ಲೆಟ್ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆಗಳು) ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ. ಮುಂದೆ ಸಹ ಪ್ರಾಧ್ಯಾಪಕರಾಗಲು ಅದು ಬೇಕಾಗುತ್ತದೆ, ಅದು ಬೇರೆ ಮಾತು. ಹಾಗಾಗಿ ಕಾಯಂ ನೌಕರಿಯೇ ತುರ್ತು ಎನ್ನುವುದಾದರೆ ನಿಮ್ಮ ಮೊದಲ ಕೆಲಸ ನೆಟ್ ಮತ್ತು ಕೆ-ಸೆಟ್, ಅಂದರೆ ಕರ್ನಾಟಕದ ಸೆಟ್. ಅಲ್ಲಿ ಮಾಡಿದ ಓದು ವ್ಯರ್ಥವೂ ಆಗುವುದಿಲ್ಲ. 2024ರಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಪರಿಗಣಿಸುವ ವ್ಯವಸ್ಥೆ ಬಂದಿದೆ; ಫೆಲೋಶಿಪ್ ಸಿಗದವರಿಗೂ ಆ ಅಂಕ ಒಂದು ವರ್ಷ ಪ್ರವೇಶಕ್ಕೆ ನಡೆಯುತ್ತದೆ, ಅದಕ್ಕೆ ಶೇ 70ರ ತೂಕ, ಸಂದರ್ಶನಕ್ಕೆ ಶೇ 30. ಆದರೆ ಅರ್ಹತೆ ಎಂದರೆ ಹುದ್ದೆಯಲ್ಲ. ಹುದ್ದೆಗೆ ಅರ್ಜಿ ಕರೆಯುವುದು ಸರ್ಕಾರದ ಕೈಯಲ್ಲಿದೆ, ಅದರ ನಡುವಿನ ವರ್ಷಗಳು ಉದ್ದವಾಗಿರುತ್ತವೆ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲಾರೆ.

ನೆಟ್ ಬರೆಯಲು ಇನ್ನೊಂದು ಕಾರಣವಿದೆ. ಕಿರಿಯ ಸಂಶೋಧನಾ ಫೆಲೋಶಿಪ್‌ಗೆ, ಅಂದರೆ ಜೆಆರ್‌ಎಫ್‌ಗೆ, ವಯೋಮಿತಿ 30 ಎಂದು ಓದಿ ನೀವು ಕೈಬಿಟ್ಟಿರಬಹುದು. ಮಹಿಳೆಯರಿಗೆ ಐದು ವರ್ಷದ ಸಡಿಲಿಕೆಯಿದೆ. ನಿಮಗೆ ಇನ್ನೂ ಸಮಯವಿದೆ. 2023ರಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ ಆದಾಗ 42,000. ಮನೆಬಾಡಿಗೆ ಭತ್ಯೆ ಬೇರೆ. ಅತಿಥಿ ಉಪನ್ಯಾಸದ ಗೌರವಧನಕ್ಕೆ ಹೋಲಿಸಿ ನೋಡಿ. ಸ್ಪರ್ಧೆ ಕಠಿಣವಾದದ್ದು, ಪೂರ್ಣಾವಧಿ ಸಂಶೋಧನೆ ಮಾಡಬೇಕು, ಜೊತೆಗೆ ನೌಕರಿ ನಡೆಯುವುದಿಲ್ಲ. ಮ್ಯಾನೇಜ್‌ಮೆಂಟ್ ವಿಷಯದ ನೆಟ್ ಪಠ್ಯಕ್ರಮದಲ್ಲಿ ಉದ್ಯಮಶೀಲತೆಯೂ ಸೇರಿದೆ. ನಿಮ್ಮ ಆಸಕ್ತಿ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಫೆಲೋಶಿಪ್ ಸಿಗದಿದ್ದರೆ ಅರೆಕಾಲಿಕ ಪಿಎಚ್‌ಡಿಗೂ ನಿಯಮದಲ್ಲಿ ಅವಕಾಶವಿದೆ. ನೌಕರಿ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು, ಮತ್ತು ಅದರಲ್ಲಿ ಸಂಶೋಧನೆಗೆ ಸಮಯ ಕೊಡುತ್ತೇವೆಂಬ ಮಾತು ಇರಬೇಕು. ವರ್ಷಕ್ಕೊಮ್ಮೆ ನವೀಕರಣವಾಗುವ ಅತಿಥಿ ಉಪನ್ಯಾಸಕರಿಗೆ ಈ ಪತ್ರ ಸಿಗುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು; ಅರ್ಜಿಗೆ ಮುಂಚೆಯೇ ಪ್ರಾಂಶುಪಾಲರ ಬಳಿ ಮಾತಾಡಿ. ಗರಿಷ್ಠ ಅವಧಿ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ ಸೇರುತ್ತದೆ, ಮಹಿಳೆಯರಿಗೆ ಇನ್ನೂ ಎರಡು. ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳ ರಜೆಯ ಅವಕಾಶವೂ ಇದೆ. ಈ ರಿಯಾಯಿತಿಗಳನ್ನು ಕೇಳಲು ಸಂಕೋಚಪಡಬೇಡಿ, ಅವು ನಿಮ್ಮ ಹಕ್ಕು. ಆದರೆ ಹತ್ತು ವರ್ಷವಿದೆ ಎಂದು ನಿಧಾನ ಮಾಡಿದರೆ ವಿಷಯ ಹಳಸುತ್ತದೆ, ಮಾರ್ಗದರ್ಶಕರು ನಿವೃತ್ತರಾಗುತ್ತಾರೆ. ಗದಗ-ಹುಬ್ಬಳ್ಳಿ ರೈಲು, ಪಾಠ, ಮಗು, ಸುಗ್ಗಿಯಲ್ಲಿ ಘಟಕದ ಕೆಲಸ, ಇವುಗಳ ನಡುವೆ ವಾರಕ್ಕೆ ಹದಿನೈದು ಗಂಟೆ ಬಿಡುವು ಎಲ್ಲಿಂದ ಬರುತ್ತದೆ ಎಂದು ಮನೆಯವರ ಮುಂದೆ ಕುಳಿತು ಲೆಕ್ಕ ಹಾಕಿ. ಆ ಲೆಕ್ಕ ಕೂಡದಿದ್ದರೆ ಒಂದು ವರ್ಷ ಕಾಯುವುದರಲ್ಲಿ ಅವಮಾನವಿಲ್ಲ.

ಎಲ್ಲಿ ಸೇರಬೇಕು? ಪದವಿಯ ಮೇಲೆ ಉದ್ಯಮಶೀಲತೆ ಎಂದೇ ಬರೆದಿರಬೇಕೆಂದು ಹಟ ಬೇಡ. ನಮ್ಮ ಭಾಗದಲ್ಲಿ ಅದು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಅಥವಾ ವಾಣಿಜ್ಯಶಾಸ್ತ್ರದ ಪಿಎಚ್‌ಡಿ. ಉದ್ಯಮಶೀಲತೆ ಪ್ರಬಂಧದ ವಿಷಯ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಮ್ಯಾನೇಜ್‌ಮೆಂಟ್ ಅಧ್ಯಯನ ಸಂಸ್ಥೆ ಇದೆ. ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಅದರ ಆವರಣದಲ್ಲೇ ನವೋದ್ಯಮಗಳನ್ನು ಪೋಷಿಸುವ ಕೇಂದ್ರವೂ ಇದೆ. ನಿಮ್ಮ ಮನೆಬಾಗಿಲಿನಲ್ಲೇ, ನಾಗಾವಿಯಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ರೊಟ್ಟಿ ಘಟಕದಂಥ ವಿಷಯಕ್ಕೆ ಅಲ್ಲಿನ ವಾತಾವರಣ ಹೊಂದುತ್ತದೆ. ಇವುಗಳಲ್ಲಿ ಈ ವರ್ಷ ಯಾವ ವಿಷಯದಲ್ಲಿ ಸೀಟಿದೆ ಎಂಬುದನ್ನು ಅಧಿಸೂಚನೆಯಲ್ಲೇ ನೋಡಿ. ಒಬ್ಬ ಪ್ರಾಧ್ಯಾಪಕರು ಒಂದೇ ಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಸೀಟು ಎಂದರೆ ವಾಸ್ತವದಲ್ಲಿ ಮಾರ್ಗದರ್ಶಕರು.

ಮಾರ್ಗದರ್ಶಕರ ಆಯ್ಕೆಯನ್ನು ನಾನು ವಿಶ್ವವಿದ್ಯಾಲಯದ ಆಯ್ಕೆಗಿಂತ ಮೇಲಿಡುತ್ತೇನೆ. ಶೋಧಗಂಗಾ ಜಾಲತಾಣದಲ್ಲಿ ಅವರ ಕೈಕೆಳಗೆ ಬಂದ ಪ್ರಬಂಧಗಳನ್ನು ತೆರೆದು ಎರಡು ಅಧ್ಯಾಯ ಓದಿ. ಬರೀ ಶೇಕಡಾವಾರು ಕೋಷ್ಟಕಗಳೇ ತುಂಬಿದ್ದರೆ, ಎಲ್ಲ ಪ್ರಬಂಧಗಳ ಸಲಹೆಗಳೂ ಒಂದೇ ಅಚ್ಚಿನಲ್ಲಿದ್ದರೆ, ಅಲ್ಲಿಂದ ಹಿಂದೆ ಸರಿಯಿರಿ. ಆಮೇಲೆ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರನ್ನಾದರೂ ಕಂಡು ಒಂದೇ ಪ್ರಶ್ನೆ ಕೇಳಿ: ಬರೆದುಕೊಟ್ಟ ಅಧ್ಯಾಯ ಎಷ್ಟು ದಿನದಲ್ಲಿ ತಿದ್ದಿ ವಾಪಸ್ ಬರುತ್ತಿತ್ತು?

ಎಂ.ಫಿಲ್ ಮಾಡಿ ನೋಡುತ್ತೇನೆ ಎಂದು ಯೋಚಿಸಿದ್ದರೆ ಬಿಡಿ, ಆ ಪದವಿಯನ್ನು ಯುಜಿಸಿ ನಿಲ್ಲಿಸಿದೆ. ದುಡ್ಡು ಕೊಟ್ಟು ಲೇಖನ ಅಚ್ಚು ಹಾಕಿಸುವ ಜರ್ನಲ್‌ಗಳಿಗೂ ಬೀಳಬೇಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು 2022ರ ಯುಜಿಸಿ ನಿಯಮಾವಳಿ ಕೈಬಿಟ್ಟಿದೆ.

ಈಗ ಘಟಕದ ಮಾತು. ಅದು ಪಿಎಚ್‌ಡಿಗಾಗಿ ಕಾಯಬೇಕಿಲ್ಲ. ಧಾರವಾಡದ ಸಿಡಾಕ್, ಅಂದರೆ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ, ಅಲ್ಪಾವಧಿಯ ತರಬೇತಿಗಳನ್ನು ನಡೆಸುತ್ತದೆ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿಯಿದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದೇ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ, ಸಾಲಕ್ಕೆ ಜೋಡಿಸಿದ ಸಹಾಯಧನವಿದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲಾ ಕೃಷಿ ಕಚೇರಿಯಲ್ಲಿ ವಿಚಾರಿಸಿ. ಆದರೆ ನೆನಪಿಡಿ, ಇಂಥ ನೆರವು ಹೆಚ್ಚಾಗಿ ಯಂತ್ರೋಪಕರಣಕ್ಕೆ. ನಿಮ್ಮ ತಾಯಿಯ ತೊಡಕು ಹಳೇ ಹುಬ್ಬಳ್ಳಿಯ ಆ ಹೆಣ್ಣುಮಗಳದ್ದೇ ಆಗಿದ್ದರೆ, ರೊಟ್ಟಿ ಯಂತ್ರ ತಂದರೂ ಜೋಳ ಕೊಳ್ಳುವ ಹಣ ಫೆಬ್ರುವರಿಯಲ್ಲಿ ಇರುವುದಿಲ್ಲ. ಮೇಲಿಂದ ಯಂತ್ರದ ಕಂತು ಬೇರೆ. ಯಾವ ಗಂಟು ಎಂದು ತಿಳಿಯದೆ ಸಾಲಕ್ಕೆ ಸಹಿ ಹಾಕಿಸಬೇಡಿ.

ನನ್ನನ್ನು ಕೇಳಿದರೆ, ಈ ವರ್ಷ ನೆಟ್‌ಗೆ ಓದಿ, ಜೊತೆಗೆ ಬರುವ ಸುಗ್ಗಿಯಿಂದ ಮದುವೆಯ ದಿನಗಳು ಮುಗಿಯುವವರೆಗೆ, ಅಂದರೆ ಫೆಬ್ರುವರಿಯಿಂದ ಮೇ ಕೊನೆಯವರೆಗೆ, ಮನೆಯ ಘಟಕದ ಒಂದು ವಹಿ ಬರೆಯಿರಿ. ದಿನಕ್ಕೆ ನಾಲ್ಕು ಸಾಲು ಸಾಕು: ಜೋಳದ ದರ, ಉದ್ರಿ ಎಷ್ಟು, ಕೈಗೆ ಬಂದ ಹಣ ಎಷ್ಟು, ತಿರುಗಿಸಿ ಕಳಿಸಿದ ಆರ್ಡರ್ ಯಾವುದು. ಮೇ ಕೊನೆಯ ಹೊತ್ತಿಗೂ ಆ ವಹಿ ನಿಮ್ಮನ್ನು ಕುತೂಹಲದಿಂದ ಕೂರಿಸುತ್ತಿದ್ದರೆ ಅದರಿಂದಲೇ ಎರಡು ಪುಟದ ಸಂಶೋಧನಾ ಪ್ರಸ್ತಾವ ಬರೆದು ಮಾರ್ಗದರ್ಶಕರ ಬಾಗಿಲು ತಟ್ಟಿ. ನಾಲ್ಕನೆಯ ವಾರಕ್ಕೇ ಬೇಸರವಾಗಿ ನಿಂತುಹೋದರೆ ಪಿಎಚ್‌ಡಿ ಬಿಟ್ಟು ಕೆ-ಸೆಟ್‌ಗೆ ಪೂರ್ತಿ ಮನಸ್ಸು ಕೊಡಿ.

ವಹಿಯ ಮೊದಲ ಪುಟಕ್ಕೆ ಬೇಕಾದದ್ದನ್ನು ಇಂದು ರಾತ್ರಿಯೇ ತಾಯಿಯನ್ನು ಕೇಳಿ ಬರೆದುಕೊಳ್ಳಿ: ಕಳೆದ ವರ್ಷ ಕೈಗೆ ಬಂದ ಆರ್ಡರನ್ನು ಬೇಡವೆಂದು ಕಳಿಸಿದ ದಿನ ಯಾವುದು, ಎಷ್ಟು ರೊಟ್ಟಿಯದು, ಆ ದಿನ ಡಬ್ಬಿಯಲ್ಲಿ ಎಷ್ಟು ಹಣವಿತ್ತು.